ನಾಗವೇಣಿಯ ಆರು ಮಾರು

ಒಂದು ಕಣ ಇದೆ ಅಂದುಕೊಳ್ಳಿ. ಹೊರಡುವಾಗ ಅದರ ವೇಗ ಸೆಕೆಂಡಿಗೆ ಎರಡು ಮೀಟರ್. ಅದರ ವೇಗೋತ್ಕರ್ಷ ಒಂದೇ ಸಮ ಇಲ್ಲ, ಅದು ಎಲ್ಲಿದೆ ಎಂಬುದನ್ನು ನೋಡಿಕೊಂಡು ಬದಲಾಗುತ್ತದೆ. ಹೊರಟಲ್ಲಿಂದ x ಮೀಟರ್ ದೂರದಲ್ಲಿ ಅದು x + 2. ಹಾಗಾದರೆ ಆರು ಮೀಟರ್ ದಾಟುವಾಗ ಕಣದ ವೇಗ ಎಷ್ಟು?

ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿದ ನಾನು ಈ ಒಂದು ಲೆಕ್ಕವನ್ನು ಪ್ರತಿ ವರ್ಷ ತಪ್ಪದೆ ಕೊಟ್ಟಿದ್ದೇನೆ. ಸರಿಯುತ್ತರ ಎಂಟು. ಕ್ಲಾಸಿನ ಅರ್ಧಕ್ಕರ್ಧ ಜನ ಬರೆಯುವುದು ಹತ್ತು. ಅವರು v² = u² + 2as ಎಂಬ ಸೂತ್ರ ಹಿಡಿದು, x ಇದ್ದಲ್ಲಿ ಆರು ಹಾಕಿ, ವೇಗೋತ್ಕರ್ಷ ಎಂಟು ಎಂದು ತೆಗೆದು, ಅದನ್ನೇ ಇಡೀ ದಾರಿಗೂ ಬಳಿದುಬಿಡುತ್ತಾರೆ. ಆ ಸೂತ್ರ ವೇಗೋತ್ಕರ್ಷ ಬದಲಾಗದೆ ಇದ್ದಾಗ ಮಾತ್ರ ನಡೆಯುತ್ತದೆ ಎಂದು ಗಂಟಲು ಹರಿಯುವ ಹಾಗೆ ಹೇಳಿದರೂ ಅಷ್ಟೇ. ಆ ತಪ್ಪು ಉತ್ತರ ಹತ್ತು ಬರುವಂತೆ ನಾನೇ ಹೊಂಚು ಹಾಕಿ ಸಂಖ್ಯೆಗಳನ್ನು ಆರಿಸಿದ್ದು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ. ನೀಟಾಗಿ ಹತ್ತು ಬಂದರೆ ಹುಡುಗರು ಖುಷಿಯಿಂದ ಪೆನ್ನು ಕೆಳಗಿಡುತ್ತಾರೆ. ಅವರ ಆ ಖುಷಿಯ ಮೇಲೆ ಕೆಂಪು ಗೀಟು ಎಳೆಯುವುದರಲ್ಲಿ ನನಗೊಂದು ಸಣ್ಣ ಸುಖ ಇತ್ತು.

ಈಗ ಹೊಸದಾಗಿ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ಹುಡುಗ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಸಿಲೆಬಸ್ ಮುಗಿಸುವುದು ಹೇಗೆ, ಗಲಾಟೆ ಅಡಗಿಸುವುದು ಹೇಗೆ ಎಂದು ಕೇಳುತ್ತಾರೆ. ಎರಡೂ ನನಗೆ ಕೊನೆತನಕ ಗೊತ್ತಾಗಲಿಲ್ಲ. ಯಾವ ವರ್ಷ ನನಗೆ ಯಾವ ಹುದ್ದೆ ಸಿಕ್ಕಿತು ಎಂಬ ಪುರಾಣವೂ ಯಾರಿಗೂ ಬೇಡ. ಗೊತ್ತಾದದ್ದು ಇಷ್ಟೇ: ಈ ಲೆಕ್ಕವನ್ನು ನಾನು ಹೇಗೆ ಕಲಿತೆ, ಹೇಗೆ ಕಲಿಸಿದೆ, ಅದರಲ್ಲಿ ಹೇಗೆ ಎಡವಿ ಬಿದ್ದೆ. ಅದನ್ನೇ ಬರೆದಿಡುತ್ತೇನೆ.

ಮೊದಲ ನೌಕರಿ ಭಟ್ಕಳದಲ್ಲಿ. ಹುಡುಗರು ತಮ್ಮತಮ್ಮಲ್ಲಿ ನವಾಯತಿಯಲ್ಲಿ ಪಿಸುಗುಡುತ್ತಿದ್ದರು, ಅಂಗಳದಲ್ಲಿ ಉರ್ದುವಿನಲ್ಲಿ ಜಗಳವಾಡುತ್ತಿದ್ದರು, ನನ್ನ ಹತ್ತಿರ ಬಂದಾಗ ಚೆಂದದ ಕನ್ನಡದಲ್ಲಿ ರಜೆ ಕೇಳುತ್ತಿದ್ದರು. ನಾನು ಕುಮಟೆ ಪೇಟೆಯಲ್ಲಿ ಹುಟ್ಟಿದ ಪೋಸ್ಟಾಫೀಸಿನ ಗುಮಾಸ್ತರ ಮಗ. ಕನ್ನಡ, ಕೊಂಕಣಿ ಎರಡರಲ್ಲೂ ಹೆದರುತ್ತಿದ್ದೆ. ಅಲ್ಲಿ ನಮ್ಮ ವಿಭಾಗಕ್ಕೆ ಹಿರಿಯರಾಗಿದ್ದವರು ಪ್ರಭು ಸರ್. ಬಿಳಿ ಪ್ಯಾಂಟು, ಬಿಳಿ ಅಂಗಿ, ಜೇಬಿನಲ್ಲಿ ಎರಡು ಕೆಂಪು ಪೆನ್ನು. ಪೇಪರ್ ತಿದ್ದುವುದರಲ್ಲಿ ಅವರಷ್ಟು ಚುರುಕು ಇನ್ನೊಬ್ಬರಿರಲಿಲ್ಲ.

ಅವರು ನನಗೆ ಎರಡು ವಿದ್ಯೆ ಕಲಿಸಿದರು. ಒಂದು, ಇಂಥ ಲೆಕ್ಕ ಮಾಡುವ ಕೈಚಳಕ. ವೇಗೋತ್ಕರ್ಷ ಅಂದರೆ dv/dt. ಅದಕ್ಕೆ ಮೇಲೊಂದು ಕೆಳಗೊಂದು dx ಹಾಕು. dx/dt ವೇಗವಾಯಿತು. ಉಳಿದದ್ದು v dv/dx. ಕಾಲ ಎನ್ನುವುದು ಲೆಕ್ಕದಿಂದಲೇ ಹೊರಟುಹೋಯಿತು, ಇನ್ನು ಇಂಟಿಗ್ರೇಟ್ ಮಾಡಿದರೆ ಆತು. ಎರಡನೆಯದು ಪೇಪರ್ ತಿದ್ದುವ ಗುಟ್ಟು. ಜಾಗ ನೋಡಿಕೊಂಡು ಬದಲಾಗುವ ವೇಗೋತ್ಕರ್ಷದ ಲೆಕ್ಕದಲ್ಲಿ ಎಲ್ಲಾದರೂ 2as ಕಣ್ಣಿಗೆ ಬಿದ್ದರೆ ಅಲ್ಲೇ ಅಡ್ಡ ಗೀಟು, ಸೊನ್ನೆ, ಮುಂದಿನ ಪುಟ. ಕೆಳಗೆ ಏನು ಬರೆದಿದ್ದಾರೆ ಎಂದು ಓದುತ್ತ ಕೂತರೆ ಬಂಡಲು ಮುಗಿಯುವುದಿಲ್ಲ ಎನ್ನುತ್ತಿದ್ದರು. ನಾನು ಎರಡನ್ನೂ ಕಣ್ಣು ಮುಚ್ಚಿ ಒಪ್ಪಿಕೊಂಡೆ.

ಮೊದಲ ವರ್ಷವೇ ಆ ಕೈಚಳಕವನ್ನು ಹಲಗೆಯ ಮೇಲೆ ಮಾಡಿ ತೋರಿಸಿ, ಚಪ್ಪಾಳೆ ಬೀಳುತ್ತದೇನೋ ಎಂಬ ಹಾಗೆ ತಿರುಗಿ ನಿಂತೆ. ಎರಡನೇ ಬೆಂಚಿನ ಒಬ್ಬ ಹುಡುಗಿ ಎದ್ದು, ಮೇಲೆ ಕೆಳಗೆ dx ಹಾಕಬಹುದು ಎಂದು ಯಾರು ಹೇಳಿದರು, ಅದೇನು ಸಂಖ್ಯೆಯೇ ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಹಾಗೇ ಇದೆ, ಕೂತುಕೋ ಎಂದೆ. ಅವಳು ಕೂತಳು. ಆ ಪ್ರಶ್ನೆ ಮಾತ್ರ ಕೂರಲಿಲ್ಲ, ಬಹಳ ವರ್ಷ ನನ್ನ ಬೆನ್ನ ಹಿಂದೆ ನಿಂತೇ ಇತ್ತು.

ಅಲ್ಲಿಂದ ಹೊನ್ನಾವರಕ್ಕೆ ವರ್ಗವಾಯಿತು. ಶರಾವತಿಯ ಗಾಳಿಗೋ ಏನೋ, ಅಲ್ಲಿ ನನಗೆ ಪ್ರಯೋಗದ ಹುಚ್ಚು ಹಿಡಿಯಿತು. ಜಾಗ ಬದಲಾದಂತೆ ವೇಗೋತ್ಕರ್ಷ ಬದಲಾಗುವುದನ್ನು ಕಣ್ಣಾರೆ ತೋರಿಸಬೇಕು ಎಂದು ಹಳೆಯ ಧ್ವನಿವರ್ಧಕದ ದೊಡ್ಡ ಆಯಸ್ಕಾಂತವೊಂದನ್ನು ಗುಜರಿಯಿಂದ ತಂದೆ. ಗಾಜಿನ ಹಲಗೆಯ ಒಂದು ತುದಿಗೆ ಅದನ್ನಿಟ್ಟು, ಇನ್ನೊಂದು ತುದಿಯಲ್ಲಿ ಉಕ್ಕಿನ ಗುಂಡು ಇಟ್ಟೆ. ಹತ್ತಿರ ಹೋದಷ್ಟೂ ಸೆಳೆತ ಹೆಚ್ಚು, ನೋಡಿ ಎಂದೆ. ಗುಂಡು ಹೊರಡಲೇ ಇಲ್ಲ. ಬೆರಳಿನಿಂದ ಸ್ವಲ್ಪ ಮುಂದೆ ತಳ್ಳಿದೆ, ಇಲ್ಲ. ಇನ್ನೂ ಸ್ವಲ್ಪ ತಳ್ಳಿದೆ. ಟಪ್ ಎಂದಿತು. ಗುಂಡು ಓಡಿದ್ದನ್ನು ಒಬ್ಬರೂ ನೋಡಲಿಲ್ಲ, ಗಾಜು ಒಡೆದದ್ದನ್ನು ಎಲ್ಲರೂ ನೋಡಿದರು. ಲ್ಯಾಬಿನ ಅಟೆಂಡರ್ ಗಜಾನನ ಚೂರು ಗುಡಿಸುತ್ತ, "ಇದು ಎಂತ ತೋರ್ಸೂಕೆ ಮಾಡಿದ್ದು ಸರ?" ಎಂದು ಕೇಳಿದ. ಅವನ ಮುಖದಲ್ಲಿ ತಮಾಷೆಯ ಗುರುತೇ ಇರಲಿಲ್ಲ.

ಆಮೇಲೆ ಗ್ರಾಫಿನ ಕಾಗದಕ್ಕೆ ಬಂದೆ. ಅಡ್ಡಕ್ಕೆ ದೂರ, ಉದ್ದಕ್ಕೆ ವೇಗೋತ್ಕರ್ಷ ಹಾಕಿ ಗೆರೆಯ ಕೆಳಗಿನ ಚೌಕಗಳನ್ನು ಎಣಿಸಿ ಎನ್ನುತ್ತಿದ್ದೆ. ಆ ವಿಸ್ತೀರ್ಣವನ್ನು ಎರಡರಿಂದ ಗುಣಿಸಿ, ಮೊದಲ ವೇಗದ ವರ್ಗಕ್ಕೆ ಕೂಡಿಸಿದರೆ ಕೊನೆಯ ವೇಗದ ವರ್ಗ ಬರುತ್ತದೆ. ಮಕ್ಕಳಿಗೆ ಚೌಕ ಎಣಿಸುವುದು ಇಷ್ಟವಾಗುತ್ತಿತ್ತು. ಯಾಕೆ ಎಣಿಸುತ್ತಿದ್ದೇವೆ ಎಂದು ಅವರು ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಭಟ್ಕಳದ ಹುಡುಗಿಯ ಪ್ರಶ್ನೆಯ ಉತ್ತರಕ್ಕೆ ನಾನು ಅಷ್ಟು ಹತ್ತಿರ ಹೋಗಿ ಹಿಂದೆ ಬಂದಿದ್ದೆ ಎಂದು ಈಗ ನೆನೆದರೆ ನಗು ಬರುತ್ತದೆ.

ಕೊನೆಗೆ ಹುಟ್ಟಿದೂರು ಕುಮಟೆಗೇ ಬಂದೆ. ನಾಗವೇಣಿ ನನಗೆ ಸಿಕ್ಕಿದ್ದು ಅಲ್ಲಿ.

ಅವಳು ತದಡಿಯ ಹುಡುಗಿ. ಅಪ್ಪ ನಾರಾಯಣ ಮೀನು ದೋಣಿಯ ತಾಂಡೇಲ, ಎಂದರೆ ದೋಣಿ ನಡೆಸುವ ಮುಖ್ಯಸ್ಥ. ಬೆಳಿಗ್ಗೆ ಬಸ್ಸಿನಲ್ಲಿ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವಳು, ಇಲ್ಲಿ ಎಲ್ಲವೂ ಇಂಗ್ಲಿಷು. ಬಾಯಿ ಬಿಟ್ಟವಳಲ್ಲ. ಅಂಥವರನ್ನು ನಾವು ಮೇಷ್ಟರು ದಡ್ಡರ ಪಟ್ಟಿಗೆ ಸೇರಿಸಿ ಮರೆತುಬಿಡುತ್ತೇವೆ. ನಾನೂ ಮರೆತಿದ್ದೆ.

ಪ್ರಥಮ ಪಿಯುಸಿಯ ವಾರ್ಷಿಕ ಪರೀಕ್ಷೆಯ ಪೇಪರನ್ನು ಕಾಲೇಜಿನಲ್ಲೇ ತಿದ್ದುತ್ತಿದ್ದೆವು. ನಮ್ಮದೇ ಆ ಲೆಕ್ಕ ಐದು ಅಂಕಕ್ಕೆ ಬಂದಿತ್ತು. ನಾಗವೇಣಿಯ ಪೇಪರಿನಲ್ಲಿ ಮೊದಲ ಸಾಲಿಗೇ v² = u² + 2as ಕಂಡಿತು. ಅದರ ಎಡಕ್ಕೆ ಅಂಚಿನಲ್ಲಿ ಕನ್ನಡದಲ್ಲಿ "ಮಾರು ೧, ಮಾರು ೨" ಎಂದು ಆರರವರೆಗೆ ಪಟ್ಟಿ. ಕೊನೆಗೆ ಉತ್ತರ ಎಂಟು. ತಪ್ಪು ದಾರಿ, ಸರಿಯುತ್ತರ. ಪಕ್ಕದವಳದ್ದು ನೋಡಿ ಬರೆದದ್ದು ಎಂದು ತೀರ್ಮಾನಿಸಿದೆ. ಪ್ರಭು ಸರ್ ಕಲಿಸಿದ ಗೀಟು ನನ್ನ ಕೈಯಿಂದ ತಾನಾಗಿ ಬಿತ್ತು. ಸೊನ್ನೆ.

ಅಷ್ಟಕ್ಕೇ ಬಿಟ್ಟಿದ್ದರೆ ಬರೀ ಅವಸರ ಎನ್ನಬಹುದಿತ್ತು. ತಿದ್ದಿದ ಪೇಪರ್ ತೋರಿಸುವ ದಿನ ಅವಳನ್ನು ಎಬ್ಬಿಸಿ ನಿಲ್ಲಿಸಿ, ಆ ಪುಟವನ್ನು ಕ್ಲಾಸಿಗೆ ಓದಿ ಹೇಳಿದೆ. ಮಾರು ಎಂದರೆ ನನಗೆ ಗೊತ್ತಿದ್ದದ್ದು ಎರಡು ಕೈ ಚಾಚಿ ಹೂವು ಅಳೆಯುವ ಅಳತೆ. "ನೀನು ವೇಗ ಅಳೀತಿದ್ದೀಯೋ, ಬಸ್‌ಸ್ಟ್ಯಾಂಡಿನ ಎದುರು ಅಬ್ಬಲಿಗೆ ಮಾಲೆ ಅಳೀತಿದ್ದೀಯೋ?" ಎಂದೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ನನ್ನ ಜೋಕಿಗೆ ಅಷ್ಟು ನಗು ಅಪರೂಪ, ಹಾಗಾಗಿ ಕೈ ಚಾಚಿಯೂ ತೋರಿಸಿದೆ. ಅವಳು ಪೇಪರನ್ನು ನಾಲ್ಕು ಮಡಿಕೆ ಮಾಡಿ ಹಿಡಿದು ನಿಂತಿದ್ದಳು. ಅಳಲಿಲ್ಲ.

ಫಲಿತಾಂಶ ಬಂದಾಗ ಭೌತಶಾಸ್ತ್ರವೊಂದರಲ್ಲಿ ಮೂರು ಅಂಕ ಕಡಿಮೆಯಾಗಿ ಅವಳು ಫೇಲು.

ಜೂನ್ ಮೊದಲ ವಾರ, ಎರಡನೇ ವರ್ಷದ ಪ್ರವೇಶ ನಡೆದಿದ್ದಾಗ ನಾರಾಯಣ ಸ್ಟಾಫ್ ರೂಮಿಗೆ ಬಂದ. ಬಲೆ ಹಾಕುವ ಹಾಗಿಲ್ಲದ ಮಳೆಗಾಲದ ರಜೆ, ಹಾಗಾಗಿ ದಡದಲ್ಲಿದ್ದ. ಕೊಡೆ ಬಾಗಿಲಲ್ಲೇ ಬಿಟ್ಟು, ನಾಲ್ಕು ಮಡಿಕೆಯ ಆ ಪೇಪರನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ನನ್ನ ಮೇಜಿನ ಮೇಲೆ ಬಿಡಿಸಿದ. ಬೇಡಲು ಬಂದವನ ಹಾಗಿರಲಿಲ್ಲ, ಕೇಳಿ ತಿಳಿದುಕೊಳ್ಳಲು ಬಂದವನ ಹಾಗಿದ್ದ.

"ನಂಗೆ ಇಂಗ್ಲಿಷ್ ಬರೂದಿಲ್ಲ ಮಾಸ್ತರ್ರೆ. ಇದ್ರಲ್ಲಿ ತಪ್ಪು ಎಂತದು ಅಂತ ಒಂದ್ ಸಲ ಹೇಳಿ. ಹುಡ್ಗಿ ಸರಿ ಅದೆ ಅಂತ್ಲೇ ಕೂತದೆ."

ಸೂತ್ರ ತಪ್ಪು ಎಂದೆ. ವೇಗ ಏರುವ ರೀತಿ ಒಂದೇ ಸಮ ಇದ್ದರೆ ಮಾತ್ರ ಈ ಸೂತ್ರ, ಇಲ್ಲಿ ಜಾಗ ಜಾಗಕ್ಕೆ ಬದಲಾಗುತ್ತದೆ, ಇಡೀ ದಾರಿಗೆ ಒಂದೇ ಲೆಕ್ಕ ಹಾಕಬಾರದು ಎಂದು ಅವನಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದೆ. ಅವನು ತಲೆಯಾಡಿಸಿದ. ಆಮೇಲೆ ಅಂಚಿನ ಪಟ್ಟಿಯ ಮೇಲೆ ಬೆರಳಿಟ್ಟ.

"ಅದ್ಕೇ ಅಲ್ವಾ ಮಾರು ಮಾರು ತುಂಡು ಮಾಡಿದ್ದು? ಹೊಳೆ ಬಾಯಿಲಿ ಅಳಿವೆ ದಾಟೂಕೆ ಇಡೀ ಅಳಿವೆಗೆ ಒಂದೇ ಲೆಕ್ಕ ಹಾಕೂಕೆ ಆಗ್ತದಾ? ಮರಳು ಎಲ್ಲಿ ಎಷ್ಟದೆ ಅಂತ ಮಾರು ಮಾರಿಗೆ ನೀರಿಗೆ ಹಗ್ಗ ಬಿಡ್ತಾ ಹೋಗೂದು. ಈ ಮಾರಿಗೆ ಈ ಲೆಕ್ಕ, ಮುಂದಿನ ಮಾರಿಗೆ ಮುಂದಿನ ಲೆಕ್ಕ. ಸಣ್ಣಕ್ಕಿರುವಾಗ ದೋಣಿಲಿ ಕೂತು ಮಾರು ಲೆಕ್ಕ ಇಡ್ತಿದ್ದದ್ದು ಅದೇ ಹುಡ್ಗಿ."

ನಾನು ಪೇಪರನ್ನು ಹತ್ತಿರ ಎಳೆದುಕೊಂಡೆ. ಮೊದಲ ಬಾರಿಗೆ ಗೀಟಿನ ಕೆಳಗೆ ಓದಿದೆ. ಆರು ಮೀಟರ್ ದಾರಿಯನ್ನು ಅವಳು ಆರು ತುಂಡು ಮಾಡಿ ಒಂದೊಂದನ್ನೂ ಒಂದು ಮಾರು ಎಂದು ಕರೆದಿದ್ದಳು. ಪ್ರತಿ ಮಾರಿನ ನಡುಮಧ್ಯದ ವೇಗೋತ್ಕರ್ಷ ಎರಡೂವರೆ, ಮೂರೂವರೆ, ನಾಲ್ಕೂವರೆ, ಹೀಗೆ ಏಳೂವರೆವರೆಗೆ. ಅಷ್ಟು ಸಣ್ಣ ತುಂಡಿನಲ್ಲಿ ಅದು ಬದಲಾಗುವುದಿಲ್ಲ ಎಂದು ಹಿಡಿದು, ಒಂದೊಂದು ಮಾರಿಗೂ ಆ ನಿಷಿದ್ಧ ಸೂತ್ರವನ್ನೇ ಹಾಕಿ, ಒಂದರ ಕೊನೆಯ ವೇಗವನ್ನು ಮುಂದಿನದರ ಮೊದಲ ವೇಗ ಮಾಡಿದ್ದಳು. ಆರನ್ನೂ ಕೂಡಿದರೆ ಮೂವತ್ತು. ಅದರ ಎರಡರಷ್ಟು ಅರವತ್ತು, ಮೊದಲಿನ ನಾಲ್ಕು ಸೇರಿ ಅರವತ್ನಾಲ್ಕು. ವೇಗ ಎಂಟು. ನಕಲೂ ಅಲ್ಲ, ತಪ್ಪೂ ಅಲ್ಲ. ನನ್ನ ಕಿವಿ ಬಿಸಿಯಾಯಿತು.

ಆಗಲೇ ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಪಕ್ಕದಲ್ಲಿ ಇಬ್ಬರು ಸಹೋದ್ಯೋಗಿಗಳು ಕೂತಿದ್ದರು. "ಬಿಟ್ಟುಹೋಗು, ನೋಡ್ತೇನೆ" ಎಂದೆ. ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಹವಾ ನೋಡುವವರ ಕಣ್ಣು ಅದು, ಎಲ್ಲ ಕಂಡಿರಬೇಕು. ಆತು ಎಂದು ಹೇಳಿ, ಪೇಪರನ್ನು ನನ್ನಲ್ಲೇ ಬಿಟ್ಟು ಕೊಡೆ ಬಿಚ್ಚಿಕೊಂಡು ಹೋದ.

ಮೂರು ದಿನ ಆ ಪೇಪರು ನನ್ನ ಬ್ಯಾಗಿನಲ್ಲಿತ್ತು. ಫಲಿತಾಂಶ ನೋಟೀಸು ಬೋರ್ಡಿಗೆ ಅಂಟಿಸಿಯಾಗಿದೆ, ಈಗ ಬದಲಾಯಿಸಿದರೆ ಜನ ಏನನ್ನುತ್ತಾರೆ, ಸಪ್ಲಿಮೆಂಟರಿ ಬರೆದರೆ ಹುಡುಗಿ ಹೇಗೂ ಪಾಸಾಗುತ್ತಾಳೆ ಎಂದು ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ನಾಚಿಕೆಗೇಡು, ಬೇರೆ ಮಾತಿಲ್ಲ. ನಾಲ್ಕನೇ ದಿನ ಆಫೀಸಿನ ಗುಮಾಸ್ತರು ಮಾತಿನ ನಡುವೆ ಹೇಳಿದರು: ತದಡಿಯ ನಾಗವೇಣಿ ಟಿ.ಸಿ. ತೆಗೆದುಕೊಂಡು ಹೋದಳು, ಅಪ್ಪ ಇನ್ನು ಓದಿಸುವುದಿಲ್ಲವಂತೆ, ಸಿಗಡಿ ಸುಲಿಯುವ ಶೆಡ್ಡಿಗೆ ಸೇರಿಸುತ್ತಾನಂತೆ.

ಅವತ್ತು ಮಧ್ಯಾಹ್ನದ ಕ್ಲಾಸು ಬಿಟ್ಟು ತದಡಿಯ ಬಸ್ಸು ಹತ್ತಿದೆ. ಹುಟ್ಟಿದಾಗಿನಿಂದ ಸಮುದ್ರದ ಮಗ್ಗುಲಲ್ಲಿದ್ದೂ ಒಬ್ಬ ತಾಂಡೇಲನ ಮನೆಯ ಜಗುಲಿ ಹತ್ತಿದ್ದು ಅದೇ ಮೊದಲು. ನಾರಾಯಣ ಬಲೆ ರಿಪೇರಿ ಮಾಡುತ್ತಿದ್ದ. ನಾಗವೇಣಿ ಹರಿದ ಕಡೆ ಹಿಡಿದುಕೊಟ್ಟು ಕೂತಿದ್ದಳು. ಕುರ್ಚಿ ಬಂತು, ಚಾ ಬಂತು. ತಡ ಮಾಡಿದರೆ ಧೈರ್ಯ ಹೋದೀತೆಂದು ಕೂರುವ ಮೊದಲೇ ಹೇಳಿಬಿಟ್ಟೆ: ನಿನ್ನ ಲೆಕ್ಕ ಸರಿ ಇತ್ತು, ತಪ್ಪು ನನ್ನದು, ಐದಕ್ಕೆ ಐದು ಕೊಡುತ್ತೇನೆ, ನಾಳೆ ಕಾಲೇಜಿಗೆ ಬಾ.

ನಾರಾಯಣ ಮಗಳ ಕಡೆ ನೋಡಿದ. "ನಂದೆಂತದೂ ಇಲ್ಲ ಮಾಸ್ತರ್ರೆ. ಟಿ.ಸಿ. ಬೇಕು ಅಂದದ್ದು ಅದೇ. ಅದನ್ನೇ ಕೇಳಿ."

ಶೆಡ್ಡಿನ ಮಾತು ಅಪ್ಪನದಲ್ಲ, ಅವಳದೇ ಎಂದು ನನಗೆ ಆಗ ತಿಳಿಯಿತು. ಬಲೆಯಿಂದ ಕಣ್ಣು ತೆಗೆಯದೆ ಅವಳು ಮೆಲ್ಲಗೆ ಮಾತಾಡಿದಳು. ವರ್ಷವಿಡೀ ನನ್ನ ಕ್ಲಾಸಿನಲ್ಲಿ ಅವಳ ಸ್ವರ ನಾನು ಕೇಳಿರಲಿಲ್ಲ.

"ಸೊನ್ನೆ ಕೊಟ್ಟದ್ದಕ್ಕೆ ಬೇಜಾರಿಲ್ಲ ಸರ. ಹೂವಿನ ಮಾತು ಎಲ್ಲರ ಎದ್ರು ಹೇಳಿದ್ರಿ. ಸರಿ ಅದೆ ಅಂತ ಇಲ್ಲಿ ಮನೆಲಿ ಹೇಳ್ತಾ ಇದ್ದೀರಿ."

ಅದಕ್ಕಿಂತ ನ್ಯಾಯವಾದ ಮಾತನ್ನು ನಾನು ನನ್ನ ನೌಕರಿಯಲ್ಲಿ ಕೇಳಿಲ್ಲ. ಎಲ್ಲರ ಎದುರೇ ಹೇಳುತ್ತೇನೆ ಎಂದೆ. ಚಾ ಆರಿಹೋಗಿತ್ತು, ಹಾಗೇ ಕುಡಿದೆ.

ಪ್ರಾಂಶುಪಾಲರು ಸುಲಭಕ್ಕೆ ಒಪ್ಪಲಿಲ್ಲ. ಪ್ರಕಟವಾದ ಅಂಕ ತಿದ್ದಬೇಕಾದರೆ ಮೌಲ್ಯಮಾಪಕನ ತಪ್ಪು ಎಂದು ನಿಮ್ಮ ಕೈಯಲ್ಲೇ ಬರೆದುಕೊಡಬೇಕು, ಆ ಕಾಗದ ನಿಮ್ಮ ಫೈಲಿನಲ್ಲಿ ಉಳಿಯುತ್ತದೆ, ಯೋಚಿಸಿ ಎಂದರು. ಉಪದ್ರವ ಕೊಡುವ ಮನುಷ್ಯ ಅಲ್ಲ ಅವರು, ನನ್ನ ಒಳ್ಳೆಯದಕ್ಕೇ ಹೇಳಿದ್ದು. ಬರೆದುಕೊಟ್ಟೆ. ಅರ್ಧ ಪುಟವೂ ಆಗಲಿಲ್ಲ. ಟಿ.ಸಿ. ರದ್ದಾಯಿತು.

ಮರುವಾರ ಅದೇ ಹುಡುಗರು ದ್ವಿತೀಯ ಪಿಯುಸಿಯ ಕೋಣೆಯಲ್ಲಿ ಕೂತಿದ್ದರು. ನಾನು ಹಳೆಯ ಲೆಕ್ಕವನ್ನೇ ಹಲಗೆಯ ಮೇಲೆ ಬರೆದು, ಹೋದ ವರ್ಷ ಇದನ್ನು ತಿದ್ದುವಾಗ ನಾನು ತಪ್ಪು ಮಾಡಿದೆ, ತಪ್ಪಿನ ಮೇಲೆ ಒಂದು ಕೆಟ್ಟ ಜೋಕೂ ಮಾಡಿದೆ, ಎರಡಕ್ಕೂ ಕ್ಷಮಿಸು ನಾಗವೇಣಿ ಎಂದೆ. ಚಾಕ್ ಅವಳ ಕೈಗೆ ಕೊಟ್ಟು ಅವಳ ಬೆಂಚಿನಲ್ಲಿ ಹೋಗಿ ಕೂತೆ. ಯಾರೂ ನಗಲಿಲ್ಲ. ಹಲಗೆಯ ಮೇಲೆ ಬೆಳಕು ಬಿದ್ದು ಕೊನೆಯ ಬೆಂಚಿಗೆ ಅರ್ಧ ಅಕ್ಷರವೂ ಕಾಣುವುದಿಲ್ಲ ಎಂಬುದು ನನಗೆ ಅವತ್ತು ಗೊತ್ತಾಯಿತು.

ಅವಳು ಆರು ಮಾರುಗಳನ್ನು ಬರೆದು ಎಂಟು ತಂದಳು. ಮುಂದಿನ ಬೆಂಚಿನ ಒಬ್ಬ ಜಾಣ ಎದ್ದು, ವೇಗೋತ್ಕರ್ಷ x + 2 ಇದ್ದಾಗ ನಡುವಿನ ಬೆಲೆ ಹಾಕಿದರೆ ಸರಿಹೋಗುತ್ತದೆ, x ವರ್ಗ ಇದ್ದರೆ ಏನು ಮಾಡುತ್ತೀ ಎಂದ. ಅವಳು ಅದನ್ನೂ ಮಾಡಿದಳು. ಉತ್ತರ ಕೊಂಚ ಕಡಿಮೆ ಬಂತು. ಅವಳು ಹಲಗೆಯಿಂದ ತಿರುಗಿ ನನ್ನನ್ನೇ ಕೇಳಿದಳು:

"ಸರ, ಮಾರು ಅರ್ಧ ಮಾಡಿದ್ರೆ?"

ಅರ್ಧ ಮಾಡಿದಳು. ಉತ್ತರ ಹತ್ತಿರ ಬಂತು. ಕಾಲು ಮಾಡಿದಾಗ ಇನ್ನೂ ಹತ್ತಿರ. ನಾನು ಬೆಂಚಿನಿಂದ ಎದ್ದುಬಿಟ್ಟೆ. ಮಾರು ಸಣ್ಣದಾದಷ್ಟೂ ಲೆಕ್ಕ ಸರಿಯಾಗುತ್ತದೆ, ಕೊನೆಗೆ ಅಳೆಯಲಾಗದಷ್ಟು ಸಣ್ಣ ಮಾರಿನ ಹೆಸರೇ dx ಎಂದು ನನ್ನ ಬಾಯಿಂದ ಬಂತು. ಹೇಳುತ್ತಿದ್ದ ಹಾಗೇ ನನಗೂ ಅರ್ಥವಾಯಿತು. ಒಂದು ಸಣ್ಣ ಮಾರಿನಲ್ಲಿ ಏರಿದ ವೇಗವನ್ನು ಆ ಮಾರು ದಾಟಲು ಹಿಡಿದ ಹೊತ್ತಿನಿಂದ ಭಾಗಿಸಿದ್ದು, ಅಷ್ಟೇ ಅಲ್ಲವೇ v dv/dx? ಭಟ್ಕಳದ ಎರಡನೇ ಬೆಂಚಿನ ಆ ಹುಡುಗಿಗೆ ನಾನು ಕೊಡಬೇಕಿದ್ದ ಉತ್ತರ ತದಡಿಯ ದೋಣಿಯಲ್ಲಿ ಅಷ್ಟು ವರ್ಷ ಕೂತಿತ್ತು. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು, ಚಾಕಿನ ಧೂಳು ಎಂದು ಒರೆಸಿಕೊಂಡೆ.

ಅಲ್ಲಿಂದ ಮುಂದೆ ನಾನು ಈ ಪಾಠವನ್ನು ಮಾರಿನಿಂದಲೇ ಶುರು ಮಾಡಿದೆ, ಕೈಚಳಕ ಕೊನೆಗೆ. ಹತ್ತು ಬರೆಯುವವರು ಪೂರ್ತಿ ಇಲ್ಲವಾಗಲಿಲ್ಲ, ಆದರೆ ಅವರ ಗೀಟಿನ ಕೆಳಗೂ ಓದಿದೆ. ಬಂಡಲು ಮುಗಿಯುವುದು ತಡವಾಯಿತು, ಅಷ್ಟೇ. ಆಮೇಲೆ ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸುವ ಪರೀಕ್ಷೆಗಳು ಬಂದವು. ಎಂಟು ಎಲ್ಲಿದೆ ನೋಡಿ ಅದರ ವೃತ್ತ ತುಂಬಿದರೆ ಮುಗಿಯಿತು, ಯಾವ ದಾರಿಯಲ್ಲಿ ಬಂದೆ ಎಂದು ಕೇಳುವವರಿಲ್ಲ. ಈಗ ನೀವು ಕಂಪ್ಯೂಟರಿನಲ್ಲಿ ಇಂಥ ಲೆಕ್ಕವನ್ನು ಸಾವಿರ ತುಂಡು ಮಾಡಿ ಕೂಡಿಸುತ್ತೀರಂತೆ. ಮಾಡಿ. ಅದು ನಾಗವೇಣಿಯ ಮಾರೇ. ಆದರೆ ಆ ಕ್ಲಾಸಿನಂಥ ಒಂದು ಮಧ್ಯಾಹ್ನ ನಿಮಗೂ ಸಿಗಲಿ ಎಂದು ಆಸೆಪಡುತ್ತೇನೆ. ನನಗೆ ಇನ್ನೊಂದು ಸಿಗಲಿಲ್ಲ.

ನಾನು ನಿವೃತ್ತನಾದ ದಿನ ಶಾಲು, ಹಾರ, ಭಾಷಣ ಎಲ್ಲ ಮುಗಿದು ಮೇಜು ಖಾಲಿ ಮಾಡುತ್ತಿದ್ದೆ. ಗುಮಾಸ್ತರು ಫೈಲು ತಂದು, ಆ ಅರ್ಧ ಪುಟದ ಕಾಗದ ತೋರಿಸಿ, ಇದನ್ನು ಈಗ ತೆಗೆದುಬಿಡಲೇ ಎಂದು ಕೇಳಿದರು. ಇರಲಿ ಎಂದೆ. ಆಗ ಬಾಗಿಲಲ್ಲಿ ನಾಗವೇಣಿ ನಿಂತಿದ್ದಳು. ಈಗ ಬಾಡ ಎಂಬ ಊರಿನ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ, ಶಾಲೆ ಬಿಟ್ಟು ನೇರ ಬಂದಿದ್ದಳು. ನಮಸ್ಕಾರ ಮಾಡಿ, ಬಾಳೆ ಎಲೆಯ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟಳು. ಬಿಡಿಸಿದರೆ ಅಬ್ಬಲಿಗೆ ಮಾಲೆ.

"ಒಂದ್ ಮಾರು ಅದೆ ಸರ. ಅಳ್ದು ನೋಡಿ."

ಅವಳ ತುಟಿಯ ಮೂಲೆಯಲ್ಲಿ ನಗು ಇತ್ತು. ನನಗೆ ಮುಖ ಎತ್ತಲಾಗಲಿಲ್ಲ. ಆದರೂ ಮಾಲೆ ಹಿಡಿದು ಎರಡೂ ಕೈ ಚಾಚಿದೆ, ಅವತ್ತು ಕ್ಲಾಸಿನಲ್ಲಿ ಚಾಚಿದ ಹಾಗೇ. ಒಂದು ಗೇಣು ಕಡಿಮೆ ಬಿತ್ತು. ಕಡಿಮೆ ಇದೆಯಲ್ಲ ಮಾರಾಯ್ತಿ ಎಂದೆ.

"ನನ್ನ ಕೈ ಸಣ್ಣದು ಸರ," ಎಂದಳು ನಾಗವೇಣಿ. "ಮಾರು ಸಣ್ಣದಾದಷ್ಟೂ ಲೆಕ್ಕ ಸರಿ ಅಂತ ನೀವೇ ಹೇಳಿದ್ರಿ."